ಚರ್ಚೆಯಲ್ಲಿ ಎತ್ತಿದ ಕೈ

"ಮುನ್ನೀಗೇನು ಬುಡು, ಕಷ್ಟವೇ ಇಲ್ಲ. ಅವ್ರ ಜನದ ಪರವಾಗಿ ತಾನೆ ಮಾತಾಡೋದು," ಎಂದ ಮನು.

ಹಿಂದಿನ ಬೆಂಚಿನವರು ನಕ್ಕರು. ಚೀಟಿ ಬಿಚ್ಚಿ ಹಿಡಿದಿದ್ದ ಮುನ್ನೀಯ ಕಿವಿ ಬಿಸಿಯಾಯಿತು.

ಬೋರ್ಡಿನ ಮೇಲೆ ಮಮತಾ ಮಿಸ್ ವಿಷಯ ಬರೆದಿದ್ದರು: 'ಮುಸ್ಲಿಮರು ಹೆಚ್ಚಾಗಿರುವ ದೇಶಗಳಲ್ಲಿ ಪ್ರಜಾಪ್ರಭುತ್ವ ಬೇರೂರಬಲ್ಲದೇ?' ಚನ್ನಪಟ್ಟಣದ ಆ ಶಾಲೆಯ ಏಳನೇ ಕ್ಲಾಸಿನಲ್ಲಿ ಚರ್ಚೆಯಲ್ಲಿ ಹೆದರದೆ ಮಾತಾಡುವವರು ಇಬ್ಬರೇ: ಮುನ್ನೀ, ಮತ್ತೆ ಹೊಂಗನೂರಿನಿಂದ ಬಸ್ಸಿನಲ್ಲಿ ಬರುವ ಅವಳ ಗೆಳತಿ ನವ್ಯಶ್ರೀ. ಮುನ್ನೀಗೆ 'ಬೇರೂರುತ್ತದೆ' ಎಂಬ ಚೀಟಿ ಬಂದಿತ್ತು. ನವ್ಯಳಿಗೆ 'ಇಲ್ಲ' ಎಂಬುದು. ಕೊನೆಗೆ ಕ್ಲಾಸಿನವರೆಲ್ಲ ಕೈ ಎತ್ತಿ ತೀರ್ಮಾನ ಹೇಳಬೇಕು. ಗೆದ್ದವರು ಕನಕಪುರದ ಚರ್ಚಾಸ್ಪರ್ಧೆಗೆ ಹೋಗುತ್ತಾರೆ.

ಮುನ್ನೀ ಎದ್ದು ನಿಂತಳು. "ಮಿಸ್, ನಾವು ಚೀಟಿ ಚೇಂಜ್ ಮಾಡ್ಕೋತೀವಿ. ನಾನು 'ಇಲ್ಲ' ಅಂತ ಮಾತಾಡ್ತೀನಿ."

"ಯಾಕಮ್ಮಾ?"

"ನಂಗೆ ಎರಡು ಕಡೆಯಿಂದಾನೂ ಮಾತಾಡಕ್ಕೆ ಬತ್ತದೆ ಮಿಸ್. ಅದ್ಕೆ."

ನವ್ಯ ಅವಳ ಮುಖ ನೋಡಿದಳು. ತನ್ನ ಚೀಟಿ ಕೊಟ್ಟಳು.

ಮುನ್ನೀಯ ಅಮ್ಮಿ ಬಿಡದಿ ಕಡೆಯ ಹೊಸ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು. ಸಂಜೆ ಅಮ್ಮಿ ಅವರೆಕಾಯಿ ಸುಲಿಯುತ್ತ ಕೂತಾಗ, ಮುನ್ನೀ ಲೈಬ್ರರಿಯಲ್ಲಿ ಓದಿದ್ದನ್ನೆಲ್ಲ ಹೇಳಿದಳು. ಒಂದು ದೇಶದಲ್ಲಿ ರಾಜನದೇ ಮಾತು. ಇನ್ನೊಂದರಲ್ಲಿ ಸೈನ್ಯದವರೇ ಸರ್ಕಾರವನ್ನು ಕಿತ್ತುಕೊಂಡಿದ್ದಾರೆ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

"ಅಮ್ಮೀ, ಅಲ್ಲಿನವರಿಗೆ ಓಟು ಬೇಡವಾ?"

ಅಮ್ಮಿ ಒಂದು ಕಾಯಿ ಸುಲಿದು ಕಾಳನ್ನು ತಟ್ಟೆಗೆ ಹಾಕಿದರು. "ಕ್ಯಾಂಟೀನ್ ಕಮಿಟಿಗೆ ನಾವೇ ಒಬ್ಬರನ್ನ ಆರಿಸ್ತೀವಿ ಅಂತ ಕೇಳಿದ್ವಿ. ಸೂಪರ್‌ವೈಸರ್ ಒಪ್ಪಲಿಲ್ಲ. ತನಗೆ ಬೇಕಾದವರನ್ನ ಹಾಕ್ಕೊಂಡ. ನಾಳೆ ಯಾರೋ ಬಂದು, ಈ ಹೆಂಗಸರಿಗೆ ಆರಿಸೋ ಆಸೆಯೇ ಇರಲಿಲ್ಲ ಅಂದ್ರೆ?"

"ಸುಳ್ಳಾಗುತ್ತೆ."

"ಮತ್ತೆ?" ಎಂದು ಅಮ್ಮಿ ಸಿಪ್ಪೆ ಬಾಚತೊಡಗಿದರು.

ಚರ್ಚೆಯ ದಿನ ಮುನ್ನೀ ಮೊದಲು ಮಾತಾಡಿದಳು. "ಬಂದೂಕು ಇರೋರು ಬಂದು ಸರ್ಕಾರ ಕಿತ್ಕೋತಾರೆ. ನೆಟ್ಟ ಗಿಡಾನ ಮತ್ತೆ ಮತ್ತೆ ಕಿತ್ತಾಕ್ತಾ ಇದ್ರೆ ಅದು ಎಲ್ಲಿ ಬೇರು ಬುಟ್ಟಾತು?" ಎಂದಾಗ ಮಿಸ್ ಕೂಡ ತಲೆದೂಗಿದರು.

ನವ್ಯಳೂ ಬಿಡಲಿಲ್ಲ. "ಇಂಡೋನೇಷ್ಯಾ ನೋಡಿ. ಪ್ರಪಂಚದಲ್ಲೇ ಅತಿ ಹೆಚ್ಚು ಮುಸ್ಲಿಮರು ಇರೋ ದೇಶ. ಅಲ್ಲಿ ಈ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಜನ ಕ್ಯೂ ನಿಂತು ತಮ್ಮ ಅಧ್ಯಕ್ಷರನ್ನ ತಾವೇ ಆರಿಸ್ಕೊಂಡ್ರು."

ಪ್ರಶ್ನೆ ಕೇಳುವ ಸರದಿ ಬಂತು. ಮನು ಎದ್ದ. "ಮುನ್ನೀ, ನಿಮ್ ಜನಕ್ಕೆ ಓಟು ಬೇಡ ಅಂತ ನೀನೇ ಒಪ್ಕೊಂಡಂಗಾಯ್ತಲ್ಲ?"

ಯಾರೂ ನಗಲಿಲ್ಲ.

"ನಾನು ಕಿತ್ಕೊಂಡೋರ ಬಗ್ಗೆ ಹೇಳ್ದೆ ಮನು," ಎಂದಳು ಮುನ್ನೀ. "ಕಳ್ಕೊಂಡೋರು ಬೇಡ ಅಂದ್ರು ಅಂತ ಹೇಳ್ಲಿಲ್ಲ. ಇನ್ನು ನಮ್ ಜನ ಅಂದ್ಯಲ್ಲ, ಮೊನ್ನೆ ಎಲೆಕ್ಷನ್ನಲ್ಲಿ ಇದೇ ಸ್ಕೂಲಲ್ಲಿ ನಮ್ಮಮ್ಮಿ, ನಿಮ್ಮವ್ವ ಒಂದೇ ಕೊಡೆ ಹಿಡ್ಕೊಂಡು ಕ್ಯೂ ನಿಂತಿದ್ರು. ಆ ಕ್ಯೂನಲ್ಲಿ ಇದ್ದೋರೆಲ್ಲ ನಮ್ ಜನಾನೇ."

ಮನು ಕಿಟಕಿಯಾಚೆ ಶಾಲೆಯ ಅಂಗಳ ನೋಡಿದ. ಆಮೇಲೆ, "ಹೂಂ, ನಿಂತಿದ್ರು," ಎಂದು ಮೆಲ್ಲಗೆ ಹೇಳಿ ಕೂತ.

ಗೆಳತಿಯರಿಬ್ಬರೂ ಮುಂದಿನ ಬೆಂಚಿಗೆ ಬಂದು ಕೂತರು. ಮಿಸ್ ಕೇಳಿದರು, "ಯೋಚನೆ ಮಾಡಿ ಹೇಳಿ. ಬೇರೂರುತ್ತದೆ ಅನ್ನೋರು ಕೈ ಎತ್ತಿ."

ಮುನ್ನೀಗೆ ಕನಕಪುರಕ್ಕೆ ಹೋಗಲು ತುಂಬ ಆಸೆಯಿತ್ತು. ಅಲ್ಲಿ ಮೈಕ್ ಇರುತ್ತದಂತೆ. ಆದರೂ ಅವಳ ಕೈ ನೆಟ್ಟಗೆ ಮೇಲೆದ್ದಿತು.

"ಏಯ್, ನೀನೇ ಸೋತೋಯ್ತೀಯ ಕಣೇ," ಎಂದು ನವ್ಯ ಪಿಸುಗುಟ್ಟಿದಳು.

"ಗೊತ್ತು ಕಣೇ. ಆಗ ಮಾತಾಡಿದ್ದು ಚರ್ಚೆಗೆ. ಇದು ನನ್ನ ಓಟು."

ಮಿಸ್ ಸಾಲು ಸಾಲಾಗಿ ಕೈಗಳನ್ನು ಎಣಿಸಿದರು. ನವ್ಯಳೇ ಗೆದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾನೂ ತಟ್ಟಬೇಕು ಎಂದುಕೊಂಡಾಗಲೇ, ಕೈಯನ್ನು ಇನ್ನೂ ಕೆಳಗಿಳಿಸಿಲ್ಲ ಎಂಬುದು ಮುನ್ನೀಗೆ ಗೊತ್ತಾಯಿತು.