ಆರದೆ ಹಿಂದಿರುಗಿದ ಮೇಣದಬತ್ತಿ

"ಅಕ್ಕಾ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದಾರೆ. ಟೈ ಬೇರೆ ಕಟ್ಟಿದಾರೆ!" ಬ್ರಿನ್ ಹುಬ್ಬು ಹಾರಿಸಿದಳು.

ಇಪ್ಪತ್ತರ ಹುಡುಗಿ ಎಪ್ಪತ್ತಾರರ ಆರ್ಡಿತ್‌ಳನ್ನು ಅಕ್ಕ ಎನ್ನುವುದು ಆ ಮನೆಯಲ್ಲಿ ಮಾತ್ರ. ಅಮೆರಿಕದ ಅಯೋವಾದ ಆ ಯೂನಿವರ್ಸಿಟಿಯಲ್ಲಿ, ವಿದ್ಯಾರ್ಥಿನಿಯರು ಒಂದೇ ಮನೆಯಲ್ಲಿ ಕೂಡಿ ಬಾಳುವ ಸೋದರಿ ಸಂಘಕ್ಕೆ ಸೇರಿದವಳು ಸಾಯುವ ತನಕ ಸೋದರಿಯೇ. ಈಗ ಸಂಘವೇ ಸಾಯುತ್ತಿತ್ತು. ಈ ವರ್ಷ ಸೇರಿದವರು ಮೂವರು; ನಾಳೆ ಮನೆಗೆ ಬೀಗ. ತೊಂಬತ್ತು ವರ್ಷದ ಚರಿತ್ರೆ ಬರೆದು ಮುಗಿಸುವ ಕೆಲಸ ಆರ್ಡಿತ್ ತಲೆಗೆ ಬಿದ್ದಿತ್ತು. ಬರೆದೂ ಆಗಿತ್ತು, ಒಂದು ಸಾಲು ಬಿಟ್ಟು.

ಹಳೆಯ ದಾಖಲೆ ಪುಸ್ತಕದಲ್ಲಿ ಹೀಗಿತ್ತು: '೧೯೬೮, ಅಕ್ಟೋಬರ್ ೧೨. ಮೇಣದಬತ್ತಿ ಆರದೆ ಹಿಂದಿರುಗಿತು. ಹುಡುಗಿಯ ಹೆಸರು ತಿಳಿಯದು.'

ಆಗ ಕಾರ್ಯದರ್ಶಿ ಆರ್ಡಿತ್. ಬರೆದ ಕೈ ಅವಳದೇ.

ಬಾಗಿಲಲ್ಲಿ ನಿಂತವನ ಕೈಯಲ್ಲಿ ಬಿಳಿ ಕೋಲಿತ್ತು.

"ಆರ್ಡಿತ್, ಇನ್ನೂ ನಿಂಬೆ ಸೋಪೇ ಹಾಕ್ಕೊಳ್ತೀಯಾ?"

ಆರ್ಡಿತ್ ಎದ್ದು ಬಂದಳು. "ಓರಿನ್! ಟೈ ಸೊಟ್ಟಗಿದೆ ಕಣೋ."

"ಕಣ್ಣು ಹೋಗಿ ಎರಡು ವರ್ಷ ಆಯ್ತು. ನೀನೇ ಸರಿಮಾಡು."

ಅವಳು ಸರಿಮಾಡಿದಳು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿಯಿತು. ಬ್ರಿನ್ ಜಾಣೆ, ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು.

"ಮಗಳ ಜೊತೆ ಓರೆಗಾನ್‌ಗೆ ಹೊರಟೆ. ಇನ್ನು ಈ ಕಡೆ ಬರಲ್ಲ," ಎಂದ ಅವನು. "ಮನೆ ಮುಚ್ತಾರೆ ಅಂತ ಅವಳೇ ಓದಿ ಹೇಳಿದ್ಲು. ಒಂದೇ ಮಾತು ಕೇಳಿ ಹೋಗೋಣ ಅಂತ ಬಂದೆ."

ಏನು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

ಹುಡುಗ ತಾನು ಮೆಚ್ಚಿದ ಹುಡುಗಿಗೆ ತನ್ನ ಸಂಘದ ಲಾಂಛನದ ಪಿನ್ನನ್ನು ಮೇಣದಬತ್ತಿಗೆ ಕಟ್ಟಿ ಕಳಿಸುವುದು ಅಲ್ಲಿನ ಪದ್ಧತಿ. ಸೋದರಿಯರು ವೃತ್ತವಾಗಿ ನಿಂತು, ಹಾಡುತ್ತ, ಉರಿಯುವ ಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರಿಗೆ ಬಂದದ್ದೆಂದು ಆ ಹುಡುಗಿಯೊಬ್ಬಳಿಗೇ ಗೊತ್ತು. ಒಪ್ಪಿಗೆಯಿದ್ದರೆ ಊದಿ ಆರಿಸಬೇಕು. ಆರದೆ ಹಿಂದಿರುಗಿದರೆ ಇಲ್ಲವೆಂದೇ ಅರ್ಥ. ಆಮೇಲೆ ಯಾರೂ ಏನೂ ಕೇಳುವಂತಿಲ್ಲ.

"ಹೊರಗೆ ಹುಲ್ಲಿನ ಮೇಲೆ ನಿಂತಿದ್ದೆ ಆರ್ಡಿತ್. ಕಿಟಕಿಯಲ್ಲಿ ಬೆಳಕು ಸುತ್ತಿ ಸುತ್ತಿ ಬಂತು. ಆರಲೇ ಇಲ್ಲ. ಮಾರನೇ ಬೆಳಿಗ್ಗೆ ಸೈನ್ಯದ ಬಸ್ಸು ಹತ್ತಿದೆ. ನಾನೇನು ತಪ್ಪು ಮಾಡಿದ್ದೆ?"

"ನನ್ನ ಎಡಗಡೆ ವರ್ಲೀನ್ ನಿಂತಿದ್ಲು," ಎಂದಳು ಆರ್ಡಿತ್. "ಅವಳು ಮದುವೆ ಆಗಬೇಕಿದ್ದ ಹುಡುಗ ವಿಯೆಟ್ನಾಮ್‌ನಲ್ಲಿ ಸತ್ತ ಅಂತ ಅವತ್ತು ಮಧ್ಯಾಹ್ನ ತಾನೇ ತಂತಿ ಬಂದಿತ್ತು. ಬೇಡ ಅಂದ್ರೂ ಕೇಳದೆ ಬಂದು ನಿಂತಿದ್ಲು. ಬತ್ತಿ ನನ್ನ ಕೈಗೆ ಬಂದಾಗ ಅವಳ ಮುಖದ ಮೇಲೆ ಬೆಳಕು ಬಿತ್ತು. ಅದನ್ನ ನೋಡ್ಕೊಂಡು ಹೇಗೆ ಊದಲಿ? ಬೆಳಿಗ್ಗೆ ನಿನಗೆ ಹೇಳಿದ್ರಾಯ್ತು ಅಂದ್ಕೊಂಡೆ. ಬರೋ ಹೊತ್ತಿಗೆ ಬಸ್ಸು ಹೋಗಿತ್ತು."

"ಒಂದು ಕಾಗದ ಹಾಕಬಾರದಿತ್ತಾ?"

"ಎರಡು ಬರೆದೆ, ಎರಡೂ ಹರಿದೆ. ಯುದ್ಧಕ್ಕೆ ಹೋದವನಿಗೆ ಕನಿಕರಕ್ಕೆ ಬರೆದ ಹಾಗೆ ಕಾಣ್ತಿತ್ತು. ವಾಪಸ್ ಬರಲಿ, ಎದುರಿಗೇ ಹೇಳ್ತೀನಿ ಅಂತ ಕಾದೆ. ನೀನು ನರ್ಸ್ ಒಬ್ಬಳನ್ನ ಕಟ್ಕೊಂಡೇ ಬಂದೆ."

ಓರಿನ್ ತಲೆ ತಗ್ಗಿಸಿದ. "ಒಳ್ಳೆಯವಳು ಪಾಪ. ಈ ಎಪ್ರಿಲ್‌ನಲ್ಲಿ ತೀರ್ಕೊಂಡ್ಲು."

ದೂರಲು ಯಾರೂ ಇರಲಿಲ್ಲ. ಕೆಟ್ಟವರೊಬ್ಬರಿದ್ದರೆ ದುಃಖ ಎಷ್ಟೋ ಹಗುರ.

ಆರ್ಡಿತ್ ಗಾಜಿನ ಬೀರು ತೆರೆದಳು. ಅವತ್ತಿನದೇ ಅರ್ಧ ಉರಿದ ಬಿಳಿ ಮೇಣದಬತ್ತಿ, ಮಾಸಿದ ರಿಬ್ಬನ್, ಕಪ್ಪಾದ ಪಿನ್. ಐವತ್ತೈದು ವರ್ಷ ಅದರ ಧೂಳು ಒರೆಸಿದವಳು ಅವಳೇ. ಪಿನ್ ಮೇಲೆ ಬೆರಳಾಡಿಸಿದ ಓರಿನ್ ಅದನ್ನು ಗುರುತು ಹಿಡಿದ.

ಕಡ್ಡಿ ಗೀರಿ ಬತ್ತಿ ಹಚ್ಚಿ, ಅವನ ಕೈಗಿಟ್ಟಳು.

"ದಾಟಿಸು."

ಅವನು ದಾಟಿಸಿದ. ಹೊರಗೆ ಮಗಳ ಕಾರು ಹಾರ್ನ್ ಹೊಡೆಯಿತು. ಆರ್ಡಿತ್ ಎಡಗಡೆ ನೋಡಿದಳು. ಯಾರೂ ಇರಲಿಲ್ಲ. ಊದಿದಳು.

ಓರಿನ್ ಮುಖ ಎತ್ತಿದ. ಅವನ ಮೂಗಿನ ಹೊಳ್ಳೆಗಳು ಅರಳಿದವು. ಆರಿದ ಬತ್ತಿಯ ಹೊಗೆ ಅವನನ್ನು ಮುಟ್ಟಿತ್ತು.

"ಆರಿತು," ಎಂದ ಮೆಲ್ಲಗೆ.

ಕಾರು ತಿರುವು ದಾಟುವ ತನಕ ಆರ್ಡಿತ್ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಕೋಟಿನ ಮೇಲಿದ್ದ ಪಿನ್ನು ಸೊಟ್ಟಗಿತ್ತು. ಕಣ್ಣು ಕಾಣದ ಓರಿನ್ ಹೊರಡುವ ಮುನ್ನ ಚುಚ್ಚಿದ್ದು. ಅವಳು ಅದನ್ನು ಸರಿಮಾಡಲಿಲ್ಲ. ಒಳಗೆ ಬಂದು ದಾಖಲೆ ಪುಸ್ತಕ ತೆರೆದು, 'ಹೆಸರು ತಿಳಿಯದು' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ತನ್ನ ಹೆಸರು ಬರೆದಳು.