ನಕಲಿ ಮಾಲಿನ ಅಸಲಿ ಕಳ್ಳ

ಗ್ಯಾಸ್ ಕಟರಿನ ನೀಲಿ ಜ್ವಾಲೆ ನನ್ನ ಎಡಗೆನ್ನೆಯ ಪಕ್ಕಕ್ಕೆ ಬಂದು ನಿಂತಿತು.

ಮೀಸೆ ಸುಟ್ಟ ವಾಸನೆ...

"ಯಾರು ಕಳಿಸಿದ್ದು, ಯಜಮಾನ್ರೇ?"

ಕೇಳಿದವನು ಆ ವರ್ಕ್‌ಶಾಪಿನ ಮಾಲೀಕ. ಹೆಸರಾಂತ ಕಂಪನಿಯೊಂದರ ಗುರುತು ಒತ್ತಿ ನಕಲಿ ಬ್ರೇಕ್ ಪ್ಯಾಡ್ ಮಾಡುವವನು. ಅಂಥವರನ್ನು ಹಿಡಿದುಕೊಡಲು ಆ ಕಂಪನಿ ಇಟ್ಟುಕೊಂಡಿರುವ ಪತ್ತೇದಾರ ನಾನು. ವ್ಯಾಪಾರಿಯ ವೇಷದಲ್ಲಿ ಒಳಹೊಕ್ಕಿದ್ದೆ.

"ಯಾರೂ ಕಳಿಸಿಲ್ಲ. ಮಾಲು ಕೊಳ್ಳೋಕೆ ಬಂದೆ."

"ಬಿಡಿ ಸ್ವಾಮಿ! ನಕಲಿ ಕೊಳ್ಳೋನು ಡಬ್ಬಿ ನೋಡ್ತಾನೆ. ಪ್ರಿಂಟು ಸರಿಯಿದ್ಯಾ, ಹೊಳೆಯೋ ಸ್ಟಿಕರ್ ಇದ್ಯಾ... ಅಷ್ಟೇ. ನೀವು ಡಬ್ಬಿ ಪಕ್ಕಕ್ಕಿಟ್ಟು ಪ್ಯಾಡನ್ನ ಉಗುರಲ್ಲಿ ಕೆರೆದ್ರಿ. ಒಳಗಿನ ಮಾಲು ಹೇಗಿದೆ ಅಂತ ಇವತ್ತಿನವರೆಗೆ ಒಬ್ಬ ಗಿರಾಕಿನೂ ನೋಡಿಲ್ಲ!"

ಅವನ ಲೆಕ್ಕ ಸರಿಯಾಗಿತ್ತು. ಈ ಕಸುಬಿನಲ್ಲಿ ಆ ತಪ್ಪು ಮಾಡಬಾರದು.

ಆದರೆ ಪ್ಯಾಡಿನ ಹಿಂಬದಿಯ ತಗಡಿನಲ್ಲಿ ಅರ್ಧಚಂದ್ರದಂಥ ತಗ್ಗು ಕಂಡಿತ್ತು. ಅಚ್ಚಿನ ದೋಷ. ಅದೇ ತಗ್ಗನ್ನು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗೋಡೆಗೆ ನುಗ್ಗಿದ ಬಸ್ಸೊಂದರ ಪ್ಯಾಡಿನಲ್ಲಿ ನೋಡಿದ್ದೆ. ಜನ ಸತ್ತರು. ಚಾಲಕ ಬದುಕಿದ. ಅಜಾಗರೂಕತೆಯ ಆರೋಪ ಹೊತ್ತು ಜೈಲು ಸೇರಿದ.

ಆ ಚಾಲಕ ನನ್ನ ಅಳಿಯ.

ತಪ್ಪು ಅವನದಲ್ಲ, ಬ್ರೇಕಿನದು ಎಂದು ತೋರಿಸಲು ಇದೇ ಅಚ್ಚಿನ ಇನ್ನೊಂದು ಪ್ಯಾಡ್ ನ್ಯಾಯಾಲಯದ ಕೈ ಸೇರಬೇಕಿತ್ತು.

"ಅಣ್ಣಾ... ಜೀಪು! ಬೀದಿ ತುದೀಲಿ ಪೊಲೀಸ್ ಜೀಪು!" ಬಾಗಿಲಲ್ಲಿ ಯಾರೋ ಕೂಗಿದರು.

ಕಂಪನಿಯವರು ಕೋರ್ಟಿನಿಂದ ತಂದಿದ್ದ ಜಪ್ತಿ ಆದೇಶ ಕೊನೆಗೂ ಬಂದು ತಲುಪಿತ್ತು.

ಕಟರ್ ಹಿಡಿದಿದ್ದ ಆಳಿನ ಕಣ್ಣು ಆಚೆ ಹೊರಳಿತು. ಅವನ ಮೊಣಕಾಲಿಗೆ ಒದ್ದೆ! ಮಾಲೀಕ ಅಷ್ಟರಲ್ಲಿ ಡಬ್ಬಿ ತುಂಬಿದ್ದ ಟೆಂಪೋ ಹತ್ತಿ ಹಿಂದಿನ ಗೇಟಿನಿಂದ ಹೊರಬಿದ್ದಿದ್ದ. ಅಲ್ಲಿ ನಿಂತಿದ್ದ ಬೈಕಿನಲ್ಲಿ ಬೀಗದ ಕೈ ತೂಗುತ್ತಿತ್ತು. ಹತ್ತಿದೆ.

ಓಣಿ... ತಿರುವು... ಮತ್ತೊಂದು ಓಣಿ...

ಮುಖ್ಯರಸ್ತೆಯ ಬಾಯಲ್ಲಿ ಜೀಪು ಅಡ್ಡ ಬಂತು. ಟೆಂಪೋ ಗಕ್ಕನೆ ನಿಂತಿತು. ನಾನು ನಿಲ್ಲಲಿಲ್ಲ. ಅದರ ಬೆನ್ನಿಗೆ ಬಡಿದು ನೆಲಕ್ಕೆ ಬಿದ್ದೆ.

"ಭಾರೀ ಬ್ರೇಕು ಕಣಯ್ಯಾ!" ಎಂದೆ, ಬಾಯಲ್ಲಿದ್ದ ರಕ್ತ ಉಗುಳಿ.

ಮಾಲೀಕ ಕೈ ಮೇಲೆತ್ತಿ ಇಳಿದ. "ಅದು ಅಸಲಿ ಸ್ವಾಮಿ. ನನಗೂ ಹೆಂಡ್ತಿ ಮಕ್ಕಳಿದಾರೆ."

ಡಬ್ಬಿಗಳೆಲ್ಲ ಮತ್ತೆ ವರ್ಕ್‌ಶಾಪಿಗೆ ಬಂದವು. ಜಪ್ತಿ ನಡೆಸಲು ಕೋರ್ಟ್ ನೇಮಿಸಿದ್ದ ಕಮಿಷನರ್, ಎಳೆಯ ವಕೀಲ, ಅವನ್ನು ಕೋಣೆಯೊಂದಕ್ಕೆ ತುಂಬಿಸಿ ಬೀಗಕ್ಕೆ ಅರಗಿನ ಮುದ್ರೆ ಒತ್ತಿದ. ಮುದ್ರೆಯಾದ ಮಾಲನ್ನು, ಮುಚ್ಚಳಿಕೆ ಬರೆಸಿಕೊಂಡು, ಯಾರಿಂದ ಜಪ್ತಿ ಮಾಡಿದರೋ ಅವನ ಸುಪರ್ದಿಗೇ ಬಿಡುವುದು ಇಲ್ಲಿನ ಪದ್ಧತಿ. ಮಾಲೀಕ ನಗುತ್ತಾ ಸಹಿ ಹಾಕಿದ.

ಕಂಪನಿಯ ವಕೀಲೆ ಫೋನಿಟ್ಟು ಬಂದಳು. "ರಾಜಿ ಆಯ್ತು ಅಂಕಲ್. ಅವನು ಕ್ಷಮಾಪಣೆ ಬರ್ಕೊಡ್ತಾನೆ. ನಾಳೆ ಕೋರ್ಟಲ್ಲಿ ಒಪ್ಪಿಗೆ, ಆಮೇಲೆ ಮಾಲೆಲ್ಲಾ ರೋಡ್ ರೋಲರ್ ಕೆಳಗೆ ಪುಡಿ."

"ಒಂದು ಜೊತೆ ಪ್ಯಾಡ್ ನನ್ನ ಅಳಿಯನ ಕೇಸಿಗೆ ಬೇಕು, ತಾಯಿ."

"ನಮ್ಮ ದಾವೆ ಇರೋದು ಡಬ್ಬಿ ಮೇಲಿನ ಹೆಸರಿಗೆ. ಬಸ್ಸಿಗಲ್ಲ."

"ಅವನು ಒಳಗೆ ಕೊಳೀತಿದಾನಮ್ಮಾ!"

"ನಮ್ಮ ಹೆಸರಿನ ಬ್ರೇಕು ಕೈಕೊಡ್ತು ಅಂತ ಪೇಪರಲ್ಲಿ ಬಂದ್ರೆ ಅಸಲಿನೂ ಯಾರೂ ಮುಟ್ಟಲ್ಲ ಅಂಕಲ್... ಸಾರಿ."

ಹುಡುಗಿ ಕೆಟ್ಟವಳಲ್ಲ. ಅವಳ ಲೆಕ್ಕದಲ್ಲಿ ನನ್ನ ಅಳಿಯನಿಗೆ ಕಾಲಂ ಇರಲಿಲ್ಲ, ಅಷ್ಟೇ.

ಬೆಂಚಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡೆ.

ಒಂದೇ ಏಟು! ಅರಗು ಚೂರಾಯಿತು. ಬೀಗ ಕಳಚಿತು. ಒಳಹೋಗಿ ಒಂದು ಡಬ್ಬಿ ಬಗಲಿಗೆ ಹಾಕಿಕೊಂಡು ಹೊರಬಂದು ಇನ್ಸ್‌ಪೆಕ್ಟರ್ ಎದುರು ನಿಂತೆ.

"ಕಳ್ಳತನ ಮಾಡಿದೀನಿ. ಹಿಡೀರಿ."

"ತಲೆಗಿಲೆ ಕೆಟ್ಟಿದ್ಯೇನ್ರೀ?"

"ಕೆಟ್ಟಿಲ್ಲ. ಕದ್ದ ಮಾಲು ಪೊಲೀಸರ ವಶಕ್ಕೆ ಹೋಗುತ್ತೆ, ಅಲ್ಲಿಂದ ಕ್ರಿಮಿನಲ್ ಕೋರ್ಟಿಗೆ. ಅಲ್ಲಿಗೆ ನಿಮ್ಮ ರೋಡ್ ರೋಲರ್ ಬರಲ್ಲ. ಹಿಂಬದಿಯ ತಗ್ಗಿನ ಸಮೇತ ವಿವರ ಬರ್ಕೊಳ್ಳಿ."

ವಕೀಲೆಯ ಮುಖ ಬಿಳಿಚಿತು. "ಸಾರ್, ಬಿಟ್ಟುಬಿಡಿ! ಕಂಪನಿ ದೂರು ಕೊಡಲ್ಲ!"

ಆಗ ಎಳೆಯ ಕಮಿಷನರ್ ಬಾಯಿಬಿಟ್ಟ. ಕೈಯಲ್ಲಿ ಒಡೆದ ಅರಗಿನ ಚೂರಿತ್ತು.

"ಮುದ್ರೆ ಕಂಪನೀದಲ್ಲ ಮೇಡಂ... ಕೋರ್ಟಿಂದು. ದೂರು ನಾನೇ ಕೊಡಬೇಕು."

ಕೊಟ್ಟ.

ಅಳಿಯನ ವಕೀಲರು ಈಗಾಗಲೇ ಅರ್ಜಿ ಹಾಕಿದ್ದಾರೆ, ಬಸ್ಸಿನದು, ನಾನು ಕದ್ದದ್ದು, ಎರಡೂ ಪ್ಯಾಡ್ ಒಟ್ಟಿಗೆ ತರಿಸಿ ನೋಡಬೇಕೆಂದು. ಅವನು ಹೊರಗೆ ಬರಬಹುದು. ನಾನು ಸದ್ಯಕ್ಕೆ ಬರುವುದಿಲ್ಲ.

ಕೇಳಿದೆಯಲ್ಲ, ಏನು ಮಾಡಿ ಒಳಗೆ ಬಂದೆ ಎಂದು? ಇಷ್ಟೇ.

ಇನ್ನು ಸ್ವಲ್ಪ ಆಚೆ ಸರಿಯಯ್ಯಾ... ಈ ಲಾಕಪ್ಪಿನ ಚಾಪೆಯಲ್ಲಿ ನನ್ನ ಪಾಲೂ ಇದೆ!