ಗೊಬ್ಬೂರಿನ ಬಾವಿಗೆ ಇಳಿದ ಚಿಪ್

ಬ್ಯಾಂಕಿನ ಮ್ಯಾನೇಜರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಕಸವೆಂದು ತಿಳಿದು ಊದಿಬಿಟ್ಟಿದ್ದ. ಮೆಹರಾಜಬೇಗಂ ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿರುವಾಗ ಮೇಲಿನಿಂದ ಅವನ ಮಾತು ಕೇಳಿಸಿತು.

"ಕಣ್ಣಿಗೇ ಕಾಣವಲ್ದು ಮೇಡಂ. ಇದರ ಮ್ಯಾಲ ಸಾಲ ಹ್ಯಾಂಗ ಕೊಡ್ಲಿ?"

ಆ ಮಾತನ್ನು ಅವಳು ಮರೆಯಲಿಲ್ಲ. ಊದಿಹೋದದ್ದು ಜೋಳದ ಕಾಳಿಗಿಂತ ಸಣ್ಣದೊಂದು ಸಿಲಿಕಾನ್ ಚಿಪ್. ಅದರ ನಡುವೆ ಕೂದಲಿಗಿಂತ ತೆಳ್ಳಗಿನ ಪೊರೆ. ನೀರು ಒತ್ತಿದರೆ ಪೊರೆ ಬಾಗುತ್ತದೆ, ಬಾಗಿದಷ್ಟು ಕರೆಂಟು ಬದಲಾಗುತ್ತದೆ. ತಂತಿ ಕಟ್ಟಿ ಬಾವಿಗಿಳಿಸಿದರೆ, ಒಳಗೆಷ್ಟು ನೀರಿದೆಯೆಂದು ದಂಡೆಯ ಮೇಲೆ ಕುಳಿತವರಿಗೆ ಅಂಕಿಯಲ್ಲಿ ಕಾಣುತ್ತದೆ. ಅದು ತೊಂಬತ್ತರ ದಶಕದ ಆರಂಭ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಈ ವಿದ್ಯೆ ಕಲಿತು, ಜೇವರ್ಗಿಗೆ ಮರಳಿ, ಮುಚ್ಚಿಹೋಗಿದ್ದ ಹತ್ತಿ ಗಿರಣಿಯ ಶೆಡ್ಡಿನಲ್ಲಿ ಅವಳು ಕುಲುಮೆ ಹೂಡಿದ್ದಳು. ಅವಳ ಜೊತೆಗಿದ್ದವಳು ಗೌರಾಬಾಯಿ ಒಬ್ಬಳೇ. ಇಡೀ ದಿನ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ, ಚಿಪ್ಪಿಗೆ ತಂತಿ ಕೂಡಿಸುವುದು ಅವಳ ಕೆಲಸ.

ಚಿಪ್ ಬೆಳಗ್ಗೆ ಸರಿಯಾಗಿ ಹೇಳುತ್ತಿತ್ತು. ಬಿಸಿಲೇರಿದಂತೆ ಸುಳ್ಳು ಹೇಳುತ್ತಿತ್ತು. ಯಾಕೆಂದು ಮೆಹರಾಜಬೇಗಂಗೆ ಗೊತ್ತಿತ್ತು. ಎರಿಮಣ್ಣಿನ ಧೂಳು ಒಳಸೇರದ ಒಂದು ಕೋಣೆ, ಇನ್ನೂ ಒಳ್ಳೆಯದೊಂದು ಕುಲುಮೆ, ಇಷ್ಟಿದ್ದರೆ ಸಾಕು. ಕೋಣೆಗೆ ಸಾಲ ಕೇಳಿದರೆ ಬ್ಯಾಂಕಿನವರು ನೀರಾವರಿ ಇಲಾಖೆಯ ಆರ್ಡರ್ ಕೇಳಿದರು. ಇಲಾಖೆಯವರು, "ಮೊದಲ ಸಾವಿರ ಚಿಪ್ ತಂದು ತೋರಸ್ರಿ, ಆಮ್ಯಾಲ ನೋಡೂಣು" ಅಂದರು. ಸಾವಿರ ಚಿಪ್ಪಿಗೆ ಆ ಕೋಣೆಯೇ ಬೇಕಿತ್ತು. ಗಾಣದೆತ್ತಿನಂತೆ ಅವಳು ಸುತ್ತಿದ್ದೇ ಸುತ್ತಿದ್ದು. ಅಷ್ಟರಲ್ಲಿ ಶೆಡ್ಡಿನ ಮಾಲೀಕ ಜಾಗ ಖಾಲಿ ಮಾಡಲು ಹೇಳಿಕಳಿಸಿದ.

ಆಗಲೇ ಬೆಂಗಳೂರಿನ ಒಂದು ಹಣಕಾಸು ಸಂಸ್ಥೆಯಿಂದ ಸುದ್ದಿ ಬಂತು. ಹೊಸ ಉದ್ಯಮಗಳಿಗೆ ಬಂಡವಾಳ ಹಾಕುವ ಸಂಸ್ಥೆ ಅದು. ರಾವ್ ಸಾಹೇಬರೆಂಬ ಅಧಿಕಾರಿ ಬರುತ್ತಾರೆ, ನಡುಮಧ್ಯಾಹ್ನದ ಬಿಸಿಲಲ್ಲಿ ಚಿಪ್ಪನ್ನು ಬಾವಿಗಿಳಿಸಿ ತೋರಿಸಬೇಕು, ಅಂಕಿ ಸರಿಬಂದರೆ ಅಲ್ಲೇ ಸಹಿ.

ತನ್ನ ಚಿಪ್ ಆ ಬಿಸಿಲಿಗೆ ನಿಲ್ಲುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಅವಳು ಹೈದರಾಬಾದಿಗೆ ಹೋದಳು. ಅಲ್ಲಿನ ಗುಜರಿಯಲ್ಲಿ ಒಂದು ವಿದೇಶಿ ಯಂತ್ರದ ಹೊಟ್ಟೆ ಬಗೆದಿಟ್ಟಿದ್ದರು. ಅದರೊಳಗೆ ತನ್ನದರಂಥದೇ ಚಿಪ್ ಇರುತ್ತದೆಂದು ಅವಳಿಗೆ ತಿಳಿದಿತ್ತು, ಇತ್ತು ಕೂಡ.

ಮೋಸವನ್ನು ಅವಳು ಕಸೂತಿಯಂತೆ ಹೆಣೆದಳು. ಚಿಪ್ಪನ್ನು ಅದರ ಪೀಠದ ಸಮೇತ ಚಿಮಟಿಯಿಂದ ಬಿಡಿಸಿ, ತನ್ನ ಚಿಪ್ಪನ್ನು ಬಾವಿಗಿಳಿಸುತ್ತಿದ್ದ ಹಿತ್ತಾಳೆ ಡಬ್ಬಿಯೊಳಗೆ ಕೂಡಿಸಿದಳು. ಈ ಕೆಲಸ ಶೆಡ್ಡಿನಲ್ಲಿ ಮಾಡಲಿಲ್ಲ, ಅಲ್ಲಿ ಗೌರಾಬಾಯಿ ಇದ್ದಳು. ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಬರಿಗಣ್ಣಿನಿಂದಲೇ ಮಾಡಿದಳು. ನೀರು ತುಂಬಿದ ಕೊಳವೆಯಲ್ಲಿಟ್ಟು ಅಂಕಿ ಹೊಂದಿಸಿದಳು. ರಾವ್ ಸಾಹೇಬರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಕಟ್ಟಿಕೊಂಡಳು. ಡಬ್ಬಿ ತೆರೆದು ತೋರಿಸಿರೆಂದರೂ ಹೆದರಿಕೆಯಿಲ್ಲ. ಮಸೂರದ ಕೆಳಗೆ ಇಂಥ ಚಿಪ್ಪುಗಳೆಲ್ಲ ಒಂದೇ ತರ, ನಡುವೆ ಚೌಕ, ಸುತ್ತ ನಾಲ್ಕು ಗೆರೆ. ಹಣ ಬಂದ ಮೇಲೆ ಕೋಣೆ ಕಟ್ಟಿ ನಿಜವಾದದ್ದನ್ನು ಮಾಡಿಯೇ ಮಾಡುತ್ತೇನೆ, ಆಗ ಇದು ಮೋಸವಾಗಿ ಉಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಣೆ ಮಾತ್ರ ಹಾಕಲಿಲ್ಲ.

ರಾವ್ ಸಾಹೇಬರು ನರೆತ ಕೂದಲಿನ ಮಿತಭಾಷಿ. ಇಸ್ತ್ರಿ ಮುರಿಯದ ಅಂಗಿ, ತೂಗಿ ಆಡುವ ಬೆಂಗಳೂರಿನ ಕನ್ನಡ. ಅವರನ್ನು ಜೀಪಿನಲ್ಲಿ ಗೊಬ್ಬೂರಿಗೆ, ಕಲ್ಯಾಣಪ್ಪನೆಂಬ ರೈತನ ಬಾವಿಗೆ ಕರೆದೊಯ್ದರು. ಬಾವಿಯ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಮೆಹರಾಜಬೇಗಂ ತಂತಿ ಇಳಿಬಿಟ್ಟಳು, ಅಂಕಿ ಮೂಡಿತು. ಕಲ್ಯಾಣಪ್ಪ ಕಲ್ಲು ಕಟ್ಟಿದ ಹಗ್ಗ ಬಿಟ್ಟು ಅಳೆದ. ಎರಡೂ ಒಂದೇ. ಬೇರೆ ಆಳಕ್ಕೆ ಇಳಿಸಿದರು, ಅಲ್ಲೂ ಒಂದೇ.

"ಅಲಲಲ, ಬಾವಿ ಹೊಟ್ಟ್ಯಾಗಿಂದು ಮಾತಾಡಾಕತ್ತದಲ್ರಿ!" ಎಂದ ಕಲ್ಯಾಣಪ್ಪ.

ಗೌರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. "ಆಪಾ, ನಿಂತ್ತಲ್ರಿ! ನಮ್ಮ ಚಿಪ್ ಬಿಸಿಲಿಗೆ ನಿಂತ್ತಲ್ರಿ!" ಅಂದು ಕೈ ಹಿಡಿದಳು. ಆ ಕೈಯನ್ನು ಬಿಡಿಸಿಕೊಳ್ಳಲೂ ಮೆಹರಾಜಬೇಗಂಗೆ ಆಗಲಿಲ್ಲ, ಒತ್ತಿ ಹಿಡಿಯಲೂ ಆಗಲಿಲ್ಲ. ಇದೊಂದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಶೆಡ್ಡಿಗೆ ಮರಳಿದ ಮೇಲೆ ರಾವ್ ಸಾಹೇಬರು ಸಹಿಗೆ ಪೆನ್ನು ತೆಗೆದರು, ಮತ್ತೆ ಕೆಳಗಿಟ್ಟರು. "ಒಂದು ಆಸೆ ಮೇಡಂ. ಬಾವಿಗೆ ಇಳಿದಿತ್ತಲ್ಲ, ಅದನ್ನೇ ಒಮ್ಮೆ ನೋಡಬಹುದಾ?"

ಉತ್ತರ ಸಿದ್ಧವಿತ್ತು. "ಧಾರಾಳ" ಎಂದು ಡಬ್ಬಿಯ ಮುಚ್ಚಳ ತಿರುಗಿಸಿ ಗೌರಾಬಾಯಿಗೆ ಕೊಟ್ಟಳು. ಗೌರಾಬಾಯಿ ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕಣ್ಣು ಹಚ್ಚಿದಳು.

"ಆಪಾ, ಮೂಲ್ಯಾಗ ಏನೋ ಬರದದಲ್ಲ? ನಮ್ಮದ್ರಾಗ ಹಿಂಗ ಇರಲಿಲ್ಲ."

ಮೆಹರಾಜಬೇಗಂ ಬಗ್ಗಿ ನೋಡಿದಳು. ಚಿಪ್ಪಿನ ಮೂಲೆಯಲ್ಲಿ, ಧೂಳಿನ ಕಣದಷ್ಟು ಜಾಗದಲ್ಲಿ, ಜಪಾನಿ ಅಕ್ಷರಗಳು. ಪುಟ್ಟ ಕಿಟಕಿಗಳಂತೆ, ಏಣಿಗಳಂತೆ. ಯಾರೋ ತನ್ನಂಥವರೇ, ಯಾವುದೋ ಊರಿನಲ್ಲಿ ಕುಳಿತು, ಇದು ನಾನು ಮಾಡಿದ್ದು ಎಂದು ಕೆತ್ತಿಟ್ಟಿದ್ದರು. ಅವಳ ತಲೆ ಓಡತೊಡಗಿತು. ಗೌರಾಬಾಯಿಗೆ ಕನ್ನಡ ಬಿಟ್ಟು ಬೇರೆ ಓದು ಬಾರದು. ಸಾಹೇಬರು ಬೆಂಗಳೂರಿನವರು.

"ಉರ್ದು ಅದ" ಎಂದಳು, ನಗುತ್ತ. "ನಮ್ಮ ಅಬ್ಬಾನ ಹೆಸರು. ಅಬ್ದುಲ್ ಗನಿ. ಇದೊಂದರ ಮ್ಯಾಲ ಬರದೇನಿ."

"ಹೌದಾ!" ರಾವ್ ಸಾಹೇಬರ ಮುಖ ಒಮ್ಮೆಲೇ ಅರಳಿತು. ಕನ್ನಡಕ ತೆಗೆದು ಜೇಬಿಗಿಟ್ಟು, ಮಿಠಾಯಿ ಕಂಡ ಮಗುವಿನಂತೆ ಸ್ಟೂಲನ್ನು ಎಳೆದುಕೊಂಡು ಕುಳಿತರು. ತಿರುಪನ್ನು ನಿಧಾನಕ್ಕೆ ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಅವರು ತಲೆಯೆತ್ತಲು ಬಹಳ ಹೊತ್ತಾಯಿತು. ಎತ್ತಿದಾಗ ಅವರ ಬಾಯಲ್ಲಿ ಬೆಂಗಳೂರಿನ ಕನ್ನಡ ಇರಲಿಲ್ಲ. "ನಾ ಹುಟ್ಟಿದ್ದು ಆಳಂದದಾಗ್ರಿ ಬಾಯಿ. ನಿಜಾಮನ ಕಾಲದಾಗ ನಮಗ ಸಾಲ್ಯಾಗ ಎಲ್ಲಾ ಉರ್ದುದಾಗೇ ಕಲಿಸ್ತಿದ್ರು. ಈ ಅಕ್ಷರ ಓದಿ ಎಷ್ಟು ದಿನ ಆಗಿತ್ತು, ಓದೂಣು ಅಂತ ಕುಂತೆ" ಎಂದು ಅವರು ಮೆಲ್ಲಗೆ, ಬೇಡಿಕೊಳ್ಳುವವರ ಹಾಗೆ ಕೇಳಿದರು: "ಅಬ್ದುಲ್ ಅನ್ನೋದು ಐನ್ ಅಕ್ಷರದಿಂದ ಸುರು ಆಗಬೇಕಲ್ರಿ. ಐನ್ ಎಲ್ಲದ, ತೋರಸ್ರಿ."